ತೂಕದ ಪೆನ್ನು, ಚಿನ್ನದ ನಿಬ್ಬು

ನಮ್ಮ ಕಾಲೇಜುಗಳಲ್ಲಿ ಒಂದು ಒಳ್ಳೆಯ ಸಂಪ್ರದಾಯವುಂಟು. ವಯೋನಿವೃತ್ತರಾಗುವ ಗುರುಗಳನ್ನು ಬೀಳ್ಕೊಡುವಾಗ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ವಂತಿಗೆ ಎತ್ತಿ ಒಂದು ಕಾಣಿಕೆಯನ್ನು ಅರ್ಪಿಸುತ್ತಾರೆ. ಶಾಲು ಹಾರಗಳ ಸಂಗಡ ಚಿನ್ನದ ನಿಬ್ಬಿನ ಒಂದು ಫೌಂಟನ್ ಪೆನ್ನು ಇದ್ದರೆ ಸಭೆಗೆ ಕಳೆಯೇರುತ್ತದೆಂಬುದು ಹಲವರ ಅಭಿಪ್ರಾಯ. ಹಳ್ಳಿಯ ಮನೆಗಳಲ್ಲಿಯೂ ಹೀಗೆಯೇ. ಮನೆಯಲ್ಲಿ ಮೊದಲ ಬಾರಿಗೆ ಒಬ್ಬ ಮಗನೋ ಮಗಳೋ ಪದವಿ ತರಗತಿಗೆ ಸೇರಿದರೆ, ಗೂಡು ಮಾರಿದ ದುಡ್ಡಿನಲ್ಲಿ ಸೋದರಮಾವನೋ ದೊಡ್ಡಪ್ಪನೋ ಒಂದು ‘ಒಳ್ಳೆಯ ಪೆನ್ನು’ ಕೊಡಿಸುವುದುಂಟು. ಕೊಡುವವರ ಪ್ರೀತಿಯ ಬಗೆಗೆ ಎರಡು ಮಾತಿಲ್ಲ. ಆದರೆ ಆ ‘ಒಳ್ಳೆಯ’ ಎಂಬುದನ್ನು ನಾವು ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದೇವೆ ಎಂಬ ಬಗೆಗೆ ನಾಲ್ಕು ಮಾತುಗಳನ್ನು ನನ್ನ ಸಹಪಾಠಿ ಮಿತ್ರರ ಮತ್ತು ಗುರುವೃಂದದ ಮುಂದಿಡಲು ಹೊರಟಿದ್ದೇನೆ.

ಅಂಗಡಿಯಲ್ಲಿ ಪೆನ್ನಿನ ಪರೀಕ್ಷೆ ನಡೆಯುವ ಬಗೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ಪೆಟ್ಟಿಗೆ ತೆರೆಯುತ್ತದೆ. ಕೊಳ್ಳುವವನು ಪೆನ್ನನ್ನು ಅಂಗೈಯ ಮೇಲಿಟ್ಟು ಎರಡು ಬಾರಿ ಮೇಲೆ ಕೆಳಗೆ ಆಡಿಸುತ್ತಾನೆ. “ಎಷ್ಟು ಗಟ್ಟಿ ಮಾಲು, ತೂಕ ನೋಡಿ ಸ್ವಾಮಿ!” ಎನ್ನುತ್ತಾನೆ ಅಂಗಡಿಯವನು. ಮುಚ್ಚಳ ತೆಗೆದಾಗ ನಿಬ್ಬು ಹಳದಿಯಾಗಿ ಹೊಳೆಯುತ್ತದೆ. ಅದರ ಮೇಲೆ ಏನೋ ಅಂಕಿ, ಏನೋ ಅಕ್ಷರ. ವ್ಯಾಪಾರ ಮುಗಿಯಿತು! ಇಲ್ಲಿ ಎರಡು ನಂಬಿಕೆಗಳು ಕೆಲಸಮಾಡುತ್ತಿವೆ. ಭಾರವಿದ್ದರೆ ಅದು ಚಿನ್ನ ಎಂಬುದು ಒಂದು. ಚಿನ್ನವಿದ್ದರೆ ಬರವಣಿಗೆ ತಾನೇ ಚೆನ್ನ ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಪೆನ್ನಿನ ಯೋಗ್ಯತೆ ಇರುವುದು ಅಂಗೈಗೆ ತಿಳಿಯುವ ಭಾರದಲ್ಲಿಯೂ ಅಲ್ಲ, ಕಣ್ಣಿಗೆ ಕಾಣುವ ಹೊಳಪಿನಲ್ಲಿಯೂ ಅಲ್ಲ. ಕಾಗದವನ್ನು ಮುಟ್ಟುವ ಸಾಸಿವೆಗಿಂತಲೂ ಕಿರಿದಾದ ಒಂದು ತುದಿಯಲ್ಲಿ, ಮತ್ತು ಮೂರು ಗಂಟೆ ಬರೆದರೂ ಕೈ ದಣಿಯದ ಸಮತೋಲನದಲ್ಲಿ. ಇದೇ ನನ್ನ ವಾದ.

ಭಾರವನ್ನು ಕಂಡು ಬೆಲೆಯನ್ನು ನಿರ್ಣಯಿಸಬಾರದೆಂಬುದು ನಮ್ಮ ಜಂಗಮಕೋಟೆಯ ಕಡೆಯವರಿಗೆ ಹೊಸ ಪಾಠವೇನೂ ಅಲ್ಲ. ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡನ್ನು ಸಾಗಿಸುವ ಮನೆಗಳವರು ನಾವು. ಗೂಡನ್ನು ತೂಗುವುದು ಕಿಲೋ ಲೆಕ್ಕದಲ್ಲಿಯೇ ನಿಜ. ಆದರೆ ಅಲ್ಲಿಗೆ ಬರುವ ರೀಲರುಗಳು ತಕ್ಕಡಿಯನ್ನು ಮಾತ್ರ ನಂಬಿ ಹರಾಜು ಕೂಗುತ್ತಾರೆಯೆ? ಇಲ್ಲ. ಒಂದು ಹಿಡಿ ಗೂಡನ್ನು ಕೈಗೆತ್ತಿಕೊಂಡು ಬೆರಳಿನಿಂದ ಒತ್ತಿ ನೋಡುತ್ತಾರೆ. ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಮೇಲಿನ ಮೈ ಒರಟೋ ನಯವೋ, ಕಲೆಯಿದೆಯೋ ಎಂದು ಪರೀಕ್ಷಿಸುತ್ತಾರೆ. ಏಕೆಂದರೆ ಹಸಿಗೂಡಿನ ತೂಕದಲ್ಲಿ ಹೆಚ್ಚಿನ ಪಾಲು ಒಳಗಿರುವ ಹುಳುವಿನದು ಮತ್ತು ನೀರಿನದು. ರೇಷ್ಮೆಯಿರುವ ಹೊರಚಿಪ್ಪು ಸುಮಾರು ಐದರಲ್ಲಿ ಒಂದು ಪಾಲು, ಎಷ್ಟೋ ವೇಳೆ ಅದಕ್ಕೂ ಕಡಿಮೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರರಿಂದ ಎಂಟು ಕಿಲೋ ಗೂಡು ಬೇಕಾಗುತ್ತದೆ. ಈ ಲೆಕ್ಕವನ್ನೇ ರೆಂಡಿಟ್ಟ ಎನ್ನುತ್ತಾರೆ. ಭಾರವೇ ರೇಷ್ಮೆಯೆಂದು ನಂಬಿದ ರೀಲರು ಒಂದು ತಿಂಗಳೊಳಗೆ ಬಾಗಿಲು ಮುಚ್ಚಬೇಕಾದೀತು. ಗೂಡಿನ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವ ನಾವು ಪೆನ್ನಿನಂಗಡಿಗೆ ಹೋದೊಡನೆ ಹುಳುವಿನ ತೂಕಕ್ಕೆ ರೇಷ್ಮೆಯ ಬೆಲೆ ತೆರುವುದು ವಿಚಿತ್ರವಲ್ಲವೆ?

ಈಗ ಪೆನ್ನಿನ ರೆಂಡಿಟ್ಟವನ್ನೇ ನೋಡೋಣ. ಪ್ಲಾಸ್ಟಿಕ್ಕಿನ ಅಥವಾ ಎಬೊನೈಟಿನ, ಎಂದರೆ ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರಿನ, ಸಾಮಾನ್ಯ ಗಾತ್ರದ ಪೆನ್ನು 15ರಿಂದ 20 ಗ್ರಾಂ ತೂಗುತ್ತದೆ. ಹಿತ್ತಾಳೆಯ ಕೊಳವೆಯ ಮೇಲೆ ಬಣ್ಣ ಬಳಿದ ಪೆನ್ನು 30 ಗ್ರಾಂ ದಾಟುತ್ತದೆ. ದಪ್ಪನಾದುದಾದರೆ 50 ಗ್ರಾಮಿನ ಹತ್ತಿರಕ್ಕೂ ಬರುತ್ತದೆ. ಚಿನ್ನದ ನಿಬ್ಬಿನ ಭಾರವಾದರೋ ಸಾಮಾನ್ಯವಾಗಿ ಒಂದು ಗ್ರಾಂ ಕೂಡ ಇರುವುದಿಲ್ಲ. ಅರ್ಧ ಗ್ರಾಮಿನ ಒಂದು ನಿಬ್ಬನ್ನು ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಹಿಂದಿನ ಅಕ್ಕಸಾಲಿಗರು ಗುಲಗಂಜಿಯಿಂದ ಚಿನ್ನ ತೂಗುತ್ತಿದ್ದರಷ್ಟೆ. ಒಂದು ಗುಲಗಂಜಿಗೆ ಸುಮಾರು 0.12 ಗ್ರಾಂ. ಹಾಗಾದರೆ ಈ ನಿಬ್ಬು ನಾಲ್ಕು ಗುಲಗಂಜಿಯ ಭಾರ. ಇದೇ ಆಕಾರದ, ಇದೇ ದಪ್ಪದ ಉಕ್ಕಿನ ನಿಬ್ಬು ಸುಮಾರು 0.3 ಗ್ರಾಂ ತೂಗೀತು. ಚಿನ್ನದಿಂದ ಪೆನ್ನಿಗೆ ಬಂದ ಹೆಚ್ಚಿನ ಭಾರ ಎರಡು ಗುಲಗಂಜಿಯೂ ಅಲ್ಲ! ಒಳಗೆ ತುಂಬುವ ಒಂದು ಮಿಲಿಲೀಟರ್ ಶಾಯಿಯೇ ಹೆಚ್ಚುಕಡಿಮೆ ಒಂದು ಗ್ರಾಂ ಭಾರವಿರುತ್ತದೆ. ಅಂದರೆ ಅಂಗೈಯಲ್ಲಿ ಪೆನ್ನನ್ನು ಆಡಿಸಿ “ಆಹಾ, ಚಿನ್ನ!” ಎನ್ನುವವನು ನಿಜವಾಗಿ ತೂಗುತ್ತಿರುವುದು ಹಿತ್ತಾಳೆಯನ್ನು. ಭಾರವಾದ ಪೆನ್ನು ಒಳಗಿರುವ ಹಿತ್ತಾಳೆಗೆ ಸಾಕ್ಷಿ ಹೇಳುತ್ತದೆಯೇ ಹೊರತು ಚಿನ್ನಕ್ಕಲ್ಲ.

ಬೆಲೆಯ ಲೆಕ್ಕವೂ ಅಷ್ಟೆ. ನಿಬ್ಬಿಗೆ ಬಳಸುವ ಚಿನ್ನ ಅಪರಂಜಿಯಲ್ಲ. 14 ಕ್ಯಾರೆಟ್ ಎಂದರೆ ನೂರಕ್ಕೆ 58.5 ಪಾಲು ಚಿನ್ನ, ಉಳಿದುದು ತಾಮ್ರ ಬೆಳ್ಳಿ ಮೊದಲಾದ ಲೋಹ. 18 ಕ್ಯಾರೆಟ್ ಎಂದರೆ 75 ಪಾಲು. ನಮ್ಮ ಅರ್ಧ ಗ್ರಾಮಿನ 14 ಕ್ಯಾರೆಟ್ ನಿಬ್ಬಿನಲ್ಲಿರುವ ಶುದ್ಧ ಚಿನ್ನ 0.29 ಗ್ರಾಂ. ಅಪರಂಜಿ ಗ್ರಾಮಿಗೆ ಹತ್ತು ಸಾವಿರ ರೂಪಾಯಿ ಮುಟ್ಟಿದ್ದು 2025ರಲ್ಲಿ; ಆ ದರದಲ್ಲಿ ಲೆಕ್ಕ ಹಾಕಿದರೆ ನಿಬ್ಬಿನ ಚಿನ್ನದ ಬೆಲೆ ಮೂರು ಸಾವಿರಕ್ಕೂ ಒಳಗೇ. ಚಿನ್ನದ ನಿಬ್ಬಿನ ಹೊರದೇಶದ ಹೊಸ ಪೆನ್ನುಗಳಿಗೆ ನಾವು ತೆರುವುದಾದರೋ ಎಷ್ಟೋ ವೇಳೆ ಹತ್ತು ಸಾವಿರಕ್ಕೂ ಮೀರಿದ ಹಣ. ಹೆಚ್ಚಿನದು ಕೆಲಸಗಾರಿಕೆಗೆ, ಹೆಸರಿಗೆ, ಸುಂಕಕ್ಕೆ ಮತ್ತು ಅಂಗಡಿಯ ಬಾಡಿಗೆಗೆ ಸಲ್ಲುತ್ತದೆ. ಕೆಲಸಗಾರಿಕೆ ಒಳ್ಳೆಯದಾಗಿದ್ದರೆ ಆ ಹಣ ದಂಡವಲ್ಲ. ಆದರೆ “ಚಿನ್ನವಲ್ಲವೆ, ಕಷ್ಟಕಾಲಕ್ಕೆ ಆದೀತು” ಎಂಬ ಹಿರಿಯರ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ. ಒತ್ತೆಯಿಡಲು ಪೆನ್ನಿಗಿಂತ ಉಂಗುರ ಮೇಲು.

ಹಾಗಾದರೆ ತೂಕಕ್ಕೆ ಬೆಲೆಯೇ ಇಲ್ಲವೆ? ಇದೆ, ಆದರೆ ಅದನ್ನು ಕೇಳಬೇಕಾದುದು ಅಂಗೈಯನ್ನಲ್ಲ, ಬರೆಯುವ ಬೆರಳುಗಳನ್ನು. ಒಟ್ಟು ತೂಕಕ್ಕಿಂತ ಆ ತೂಕ ಎಲ್ಲಿ ಕುಳಿತಿದೆ ಎಂಬುದು ಮುಖ್ಯ. ಪೆನ್ನನ್ನು ತೋರುಬೆರಳಿನ ಮೇಲೆ ಅಡ್ಡಲಾಗಿ ಇಟ್ಟು ನೋಡಿರಿ. ಅದು ಎಲ್ಲಿ ಸಮನಾಗಿ ನಿಲ್ಲುತ್ತದೆಯೋ ಅದೇ ಅದರ ತೂಕದ ನಡು. ಈ ನಡು ಪೆನ್ನಿನ ಮಧ್ಯಭಾಗದಲ್ಲಿಯೋ ಅಲ್ಲಿಂದ ತುಸು ನಿಬ್ಬಿನ ಕಡೆಗೋ ಇದ್ದರೆ ಪೆನ್ನು ತಾನಾಗಿ ಕಾಗದದ ಕಡೆಗೆ ಬಾಗುತ್ತದೆ. ಲೋಹದ ಮುಚ್ಚಳವನ್ನು ಹಿಂಬದಿಗೆ ಸಿಕ್ಕಿಸಿದರೆ ಎಷ್ಟೋ ಪೆನ್ನುಗಳಲ್ಲಿ ಈ ನಡು ಹಿಂದಕ್ಕೆ ಸರಿಯುತ್ತದೆ. ಆಗ ಬರೆಯುವವನು ಪ್ರತಿಯೊಂದು ಅಕ್ಷರಕ್ಕೂ ಬಾಲವನ್ನು ಹಿಡಿದೆಳೆಯುತ್ತ ಮೂತಿಯನ್ನು ಬಗ್ಗಿಸಬೇಕು. ಅಂಗಡಿಯಲ್ಲಿ ಒಂದು ರುಜು ಹಾಕುವಾಗ ಇದು ತಿಳಿಯುವುದಿಲ್ಲ. ಪರೀಕ್ಷಾ ಮಂದಿರದಲ್ಲಿ ಎರಡನೆಯ ಗಂಟೆಯ ಹೊತ್ತಿಗೆ ಹೆಬ್ಬೆರಳಿನ ಬುಡಕ್ಕೆ ತಿಳಿಯುತ್ತದೆ. ಬೆಳಗಿನ ಜಾವ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಬಸ್ಸು ಹಿಡಿದು ಪರೀಕ್ಷೆಗೆ ಬರುವ ನಮ್ಮ ಕಡೆಯ ವಿದ್ಯಾರ್ಥಿಯ ಕೈ ಮೊದಲೇ ದಣಿದಿರುತ್ತದೆ. ಅವನಿಗೆ 50 ಗ್ರಾಮಿನ ಹಿತ್ತಾಳೆಯ ಗದೆಯನ್ನು ಕೊಡುವುದು ಉಪಕಾರವಲ್ಲ.

ಇನ್ನು ಎರಡನೆಯ ನಂಬಿಕೆಗೆ ಬರೋಣ. ನಿಬ್ಬಿಗೆ ಚಿನ್ನವನ್ನು ಬಳಸತೊಡಗಿದುದು ಠೀವಿಗಾಗಿ ಅಲ್ಲ, ಶಾಯಿಯ ಕಾಟಕ್ಕಾಗಿ. ಹಿಂದೆ ನಮ್ಮಲ್ಲಿ ಅಳಲೆಕಾಯಿ ಮತ್ತು ಅನ್ನಭೇದಿಗಳನ್ನು ಕೂಡಿಸಿ ಮಸಿ ಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಯೂರೋಪಿನಲ್ಲಿ ಓಕ್ ಮರದ ಗಂಟುಕಾಯಿ ಮತ್ತು ಅದೇ ಅನ್ನಭೇದಿಯಿಂದ ಶಾಯಿಯಾಗುತ್ತಿತ್ತು. ಈ ಶಾಯಿಗಳಲ್ಲಿ ಆಮ್ಲದ ಅಂಶವಿದ್ದು ಅವು ಉಕ್ಕನ್ನು ತಿನ್ನುತ್ತಿದ್ದವು. ಅದ್ದಿ ಬರೆಯುವ ಅಗ್ಗದ ಉಕ್ಕಿನ ನಿಬ್ಬನ್ನು ಸವೆದ ಮೇಲೆ ಎಸೆಯಬಹುದಾಗಿತ್ತು. ಶಾಯಿಯನ್ನು ಹಗಲಿರುಳು ಹೊಟ್ಟೆಯಲ್ಲಿಟ್ಟುಕೊಂಡ ಫೌಂಟನ್ ಪೆನ್ನಿಗೆ ಅದು ಒಗ್ಗದು. ಲೂಯಿ ವಾಟರ್‌ಮನ್ ಅಮೆರಿಕದಲ್ಲಿ ತನ್ನ ಪೆನ್ನಿಗೆ ಪೇಟೆಂಟು ಪಡೆದದ್ದು 1884ರಲ್ಲಿ. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಇಂಗ್ಲೆಂಡಿನಲ್ಲಿ ಕಂಡುಕೊಂಡದ್ದು 1913ರಲ್ಲಿ. ಆ ನಡುವಣ ಕಾಲದಲ್ಲಿ ಶಾಯಿಗೆ ಜಗ್ಗದ, ಬಳುಕುವ ಲೋಹವೆಂದರೆ ಚಿನ್ನವೇ. ಇಂದು ಒಳ್ಳೆಯ ತುಕ್ಕುರಹಿತ ಉಕ್ಕು ಸಾಧಾರಣ ಶಾಯಿಗಳನ್ನೆಲ್ಲ ತಡೆದುಕೊಳ್ಳುತ್ತದೆ. ಚಿನ್ನಕ್ಕೆ ಇನ್ನೂ ತನ್ನ ಗುಣವಿದೆ: ಅದು ತಲೆಮಾರು ಕಳೆದರೂ ಕೊಳೆಯದು; ಹದವಾಗಿ ಬಡಿದು ಮಾಡಿದ್ದರೆ ಅದರಲ್ಲೊಂದು ಮೃದುವಾದ ಪುಟಿತವಿರುತ್ತದೆ. ಆದರೆ ಅನಿವಾರ್ಯತೆ ಹೋಗಿದೆ ಎಂಬುದನ್ನು ಮರೆಯಬಾರದು.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿಯೊಂದಿದೆ. ಚಿನ್ನದ ನಿಬ್ಬಿನ ಪೆನ್ನಿನಿಂದ ಬರೆಯುವಾಗ ಚಿನ್ನ ಕಾಗದವನ್ನು ಮುಟ್ಟುವುದೇ ಇಲ್ಲ! ಮೆತುವಾದ ಚಿನ್ನ ಕಾಗದದ ಮೇಲೆ ಉಜ್ಜಿದರೆ ಬೇಗನೆ ಸವೆದುಹೋಗುತ್ತದೆ. ಆದ್ದರಿಂದ ತುದಿಗೆ ಬೇರೊಂದು ಅತಿ ಗಡುಸಾದ ಲೋಹದ ಹರಳನ್ನು ಬೆಸೆಯುತ್ತಾರೆ. 1834ರಲ್ಲಿ ಜಾನ್ ಐಸಾಕ್ ಹಾಕಿನ್ಸ್ ಎಂಬಾತ ಇರಿಡಿಯಂ ಲೋಹವನ್ನು ಚಿನ್ನದ ಲೇಖನಿಯ ತುದಿಗೆ ಕೂಡಿಸುವ ಉಪಾಯವನ್ನು ಕಂಡುಹಿಡಿದನು. ಅಂದಿನಿಂದ ಆ ಹರಳಿಗೆ ಇರಿಡಿಯಂ ಎಂಬ ಹೆಸರೇ ನಿಂತಿದೆ. ಈಗ ಅದು ಹೆಚ್ಚಾಗಿ ರುಥೇನಿಯಂ, ಆಸ್ಮಿಯಂ, ಟಂಗ್‌ಸ್ಟನ್ ಮೊದಲಾದವುಗಳ ಮಿಶ್ರಣವಾಗಿದ್ದು ಇರಿಡಿಯಂ ಇಲ್ಲದಿರುವುದೂ ಉಂಟು. ಒಳ್ಳೆಯ ಉಕ್ಕಿನ ನಿಬ್ಬಿನ ತುದಿಯಲ್ಲಿರುವುದೂ ಇಂಥದೇ ಹರಳು. ಎಂದಮೇಲೆ ಕಾಗದದ ಮೇಲೆ ಪೆನ್ನು ನಯವಾಗಿ ಓಡುವುದಕ್ಕೂ ಚಿನ್ನಕ್ಕೂ ನೇರವಾದ ಸಂಬಂಧವಿಲ್ಲ. ಆ ಹರಳನ್ನು ಯಾರು ಎಷ್ಟು ತಾಳ್ಮೆಯಿಂದ ಸಾಣೆಹಿಡಿದರು ಎಂಬುದೇ ಎಲ್ಲ. ಕೆಟ್ಟದಾಗಿ ಸಾಣೆಹಿಡಿದ ಚಿನ್ನದ ನಿಬ್ಬು ಕಾಗದವನ್ನು ಕೆರೆಯುತ್ತದೆ. ಚಿನ್ನದ ಕತ್ತಿಯೆಂದು ಯಾರಾದರೂ ಕುತ್ತಿಗೆ ಕೊಯ್ದುಕೊಳ್ಳುತ್ತಾರೆಯೆ?

ಕ್ಯಾರೆಟ್ ಹೆಚ್ಚಿದಷ್ಟೂ ನಿಬ್ಬು ಮೇಲು ಎಂಬುದೂ ಒಡವೆಯಂಗಡಿಯಿಂದ ಎರವಲು ತಂದ ವಿಚಾರ. ಶುದ್ಧ ಚಿನ್ನದಲ್ಲಿ ಬಲವಿಲ್ಲ. ಬಾಗಿದರೆ ಬಾಗಿಯೇ ಉಳಿಯುತ್ತದೆ. ತಾಮ್ರ ಬೆಳ್ಳಿ ಬೆರೆತಾಗ ಅದಕ್ಕೆ ಬಾಗಿ ಮರಳುವ ಕಸುವು ಬರುತ್ತದೆ. ಆದ್ದರಿಂದಲೇ ನಿಬ್ಬಿಗೆ 14 ಕ್ಯಾರೆಟ್ ಬಹುಕಾಲದಿಂದ ಮೆಚ್ಚಿಗೆಯಾದ ಹದ. ಜಪಾನಿನವರು 21 ಕ್ಯಾರೆಟ್ಟಿನಲ್ಲಿಯೂ ನಿಬ್ಬು ಮಾಡುತ್ತಾರೆ. ಅದು ಬೇರೆ ಬಗೆಯ ಅನುಭವ, ಮೇಲಿನ ತರಗತಿಯಲ್ಲ. ಇಲ್ಲಿ ನಮ್ಮ ದೇಶದ ಇತಿಹಾಸದ ಒಂದು ಪುಟ ನೆನಪಾಗುತ್ತದೆ. ಮೊರಾರ್ಜಿ ದೇಸಾಯಿಯವರು ಅರ್ಥಮಂತ್ರಿಗಳಾಗಿದ್ದಾಗ, 1963ರ ಜನವರಿಯಲ್ಲಿ ಜಾರಿಗೆ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧತೆಯ ಹೊಸ ಒಡವೆ ಮಾಡುವುದನ್ನು ನಿಷೇಧಿಸಿದವು. ಜನ ಅದನ್ನು ಚಿನ್ನವೆಂದೇ ಒಪ್ಪಲಿಲ್ಲ. ಅಕ್ಕಸಾಲಿಗರ ಒಲೆಗಳು ಆರಿದವು. 1968ರ ಚಿನ್ನ ನಿಯಂತ್ರಣ ಶಾಸನ ರದ್ದಾದದ್ದು 1990ರಲ್ಲಿ. ಕೊರಳಿಗೆ ಒಲ್ಲದ ಆ ಹದವೇ ನಿಬ್ಬಿಗೆ ಒಪ್ಪುವ ಹದವಾಗಿರುವುದು ಒಂದು ವಿನೋದ. ಪ್ರತಿ ವಸ್ತುವಿಗೂ ಅದರ ಕೆಲಸಕ್ಕೆ ತಕ್ಕ ಶುದ್ಧತೆಯುಂಟು.

ಇಷ್ಟೆಲ್ಲ ತಿಳಿದ ಮೇಲೆಯೂ ಚಿನ್ನದ ನಿಬ್ಬೇ ಬೇಕೆನ್ನುವವರು ಇರಬಹುದು, ಅದು ತಪ್ಪಲ್ಲ. ಆದರೆ ಚಿನ್ನಕ್ಕೆ ಹಣ ಕೊಟ್ಟ ಮೇಲೆ ಚಿನ್ನವೇ ಬರಬೇಕಲ್ಲವೆ? ಒಡವೆಗೆ ಹಾಲ್‌ಮಾರ್ಕ್ ಮುದ್ರೆ ಕಡ್ಡಾಯವಾದದ್ದು 2021ರ ಜೂನ್ 16ರಿಂದ, ಮೊದಲು 256 ಜಿಲ್ಲೆಗಳಲ್ಲಿ. ಆದರೆ ಆ ಕಟ್ಟಳೆಯಿಂದ ಕೈಗಡಿಯಾರ, ಕುಂದನ್ ಮುಂತಾದ ಒಡವೆಗಳ ಸಂಗಡ ಫೌಂಟನ್ ಪೆನ್ನುಗಳಿಗೂ ವಿನಾಯಿತಿ ಸಿಕ್ಕಿತು. ಎಂದರೆ ಮದುವೆಯ ಉಂಗುರಕ್ಕೆ ಸರ್ಕಾರದ ಮುದ್ರೆ ಕಾವಲಿದೆ. ಪೆನ್ನಿನ ನಿಬ್ಬಿಗೆ ಕೊಳ್ಳುವವನ ಕಣ್ಣೇ ಕಾವಲು. ಹಳೆಯ ಕೋಲಾರ ಜಿಲ್ಲೆಯವರಾದ ನಾವು ಚಿನ್ನದ ನಾಡಿನವರೆಂದು ಹೆಮ್ಮೆಪಡುತ್ತೇವೆ. ಶಿಡ್ಲಘಟ್ಟ ತಾಲ್ಲೂಕು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿ ಮುಚ್ಚಿದರೂ ಚಿನ್ನವನ್ನು ಗುರುತಿಸುವ ಬುದ್ಧಿ ನಮ್ಮಲ್ಲಿ ಉಳಿಯಬೇಡವೆ?

ಮೊದಲು ನಿಬ್ಬಿನ ಮೇಲಿನ ಬರಹವನ್ನು ಓದಬೇಕು. 14 ಕೆ ಅಥವಾ 585, 18 ಕೆ ಅಥವಾ 750 ಎಂಬ ಅಂಕಿಗಳು, ಜೊತೆಗೆ ತಯಾರಕರ ಹೆಸರು ಇದ್ದರೆ ಅದು ಘನವಾದ ಚಿನ್ನವೆಂಬ ಹೇಳಿಕೆ. ಕೆ ಅಕ್ಷರದ ಹಿಂದೆಯೇ ಜಿ.ಪಿ. ಎಂದು ಅಂಟಿಕೊಂಡಿದ್ದರೆ ಅದು ಉಕ್ಕಿನ ಮೇಲೆ ಚಿನ್ನದ ನೀರು ಕುಡಿಸಿದ್ದು. ಅಂಕಿ 18 ಆದರೂ 22 ಆದರೂ ಅಷ್ಟೆ. ಇರಿಡಿಯಂ ಪಾಯಿಂಟ್ ಎಂದಷ್ಟೇ ಇದ್ದು ಕ್ಯಾರೆಟ್ಟಿನ ಅಂಕಿಯಿಲ್ಲದಿದ್ದರೆ ಅದು ತುದಿಯ ಮಾತೇ ಹೊರತು ಮೈಯ ಮಾತಲ್ಲ. ಇಂಥ ನಿಬ್ಬು ಚೆನ್ನಾಗಿ ಬರೆಯಬಹುದು. ಚಿನ್ನದ ಬೆಲೆಗೆ ಕೊಳ್ಳಬಾರದು, ಅಷ್ಟೆ.

ಎರಡನೆಯದು ಅಯಸ್ಕಾಂತ. ನಿಬ್ಬು ಅದಕ್ಕೆ ಅಂಟಿಕೊಂಡರೆ ಖಂಡಿತವಾಗಿ ಚಿನ್ನವಲ್ಲ. ಅಂಟಿಕೊಳ್ಳದಿದ್ದರೆ ಮಾತ್ರ ಚಿನ್ನವೆಂದು ಕುಣಿಯಬಾರದು. ತುಕ್ಕುರಹಿತ ಉಕ್ಕಿನ ಕೆಲವು ಬಗೆಗಳೂ ಅಯಸ್ಕಾಂತಕ್ಕೆ ಸೋಲುವುದಿಲ್ಲ. ಒರೆಗಲ್ಲಿಗೆ ಹಚ್ಚುವುದು ನಮ್ಮವರ ಹಳೆಯ ವಿದ್ಯೆಯಾದರೂ ಮೇಲ್ಪದರದ ಚಿನ್ನವೇ ಗೆರೆಯೆಳೆದು ಮೋಸಮಾಡೀತು. ತುದಿಯನ್ನು ಉಜ್ಜಿದರೆ ನಿಬ್ಬೇ ಕೆಟ್ಟೀತು.

ಸಂದೇಹ ಹೆಚ್ಚಿದ್ದರೆ ಮೂರನೆಯ ಉಪಾಯವೊಂದಿದೆ. ಅದು ಆರ್ಕಿಮಿಡೀಸನದು. ಪೆನ್ನು ರಿಪೇರಿ ಬಲ್ಲವರ ಕೈಯಿಂದ ನಿಬ್ಬನ್ನು ಬಿಡಿಸಿ, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಮ್ಮೆ ಗಾಳಿಯಲ್ಲಿಯೂ ಒಮ್ಮೆ ನೂಲಿನಲ್ಲಿ ತೂಗುಹಾಕಿ ನೀರಿನಲ್ಲಿಯೂ ತೂಗಬೇಕು. ಶುದ್ಧ ಚಿನ್ನ ನೀರಿನ 19.3ರಷ್ಟು ಭಾರವುಳ್ಳದ್ದು, 14 ಕ್ಯಾರೆಟ್ ಮಿಶ್ರಣ ಸುಮಾರು 13ರಷ್ಟು, ಉಕ್ಕು 8ಕ್ಕೆ ತುಸು ಕಡಿಮೆ. ಅರ್ಧ ಗ್ರಾಮಿನ ನಿಬ್ಬು ಚಿನ್ನದ್ದಾದರೆ ನೀರಿನಲ್ಲಿ ಸುಮಾರು 38 ಮಿಲಿಗ್ರಾಂ ಹಗುರವಾಗುತ್ತದೆ, ಉಕ್ಕಿನದಾದರೆ 63 ಮಿಲಿಗ್ರಾಮಿನಷ್ಟು. ನಿಜವಾದ ತೂಕದ ಪರೀಕ್ಷೆಯೆಂದರೆ ಇದು. ನಮ್ಮದು ಕಲಾ ಕಾಲೇಜಾದ್ದರಿಂದ ಇಂಥ ತಕ್ಕಡಿಗೆ ವಿಜ್ಞಾನದ ಮಿತ್ರರ ಮೊರೆಹೋಗಬೇಕಾದೀತು. ಅವರೂ ಒಮ್ಮೆ ನಮಗೆ ಉಪಯೋಗಕ್ಕೆ ಬರಲಿ!

ಇವೆಲ್ಲಕ್ಕಿಂತ ಮೇಲಾದ ಪರೀಕ್ಷೆ ಬರೆದು ನೋಡುವುದು. ಅದಕ್ಕೂ ಒಂದು ಕ್ರಮವಿದೆ. ಚಿನಿವಾರರ ಭೂತಗನ್ನಡಿಯಿಂದ ನಿಬ್ಬನ್ನು ಎದುರಿನಿಂದ ನೋಡಬೇಕು. ಸೀಳು ನಟ್ಟನಡುವೆ ಇದೆಯೆ? ತುದಿಯ ಹರಳು ಎರಡು ಎಸಳಿಗೂ ಸಮನಾಗಿ ಹಂಚಿದೆಯೆ? ಒಂದು ಎಸಳು ಮೇಲೆ ಒಂದು ಕೆಳಗೆ ನಿಂತಿಲ್ಲವಷ್ಟೆ? ಕೆರೆಯುವ ನಿಬ್ಬುಗಳಲ್ಲಿ ಬಹುಪಾಲು ಈ ಕೊನೆಯ ದೋಷದವು. ನಿಬ್ಬಿನ ಕೆಳಗಿನ ಕಪ್ಪು ನಾಲಿಗೆ ನಿಬ್ಬಿಗೆ ಅಂಟಿದಂತೆ ಕೂತಿರಬೇಕು. ಸಂದಿಯಿದ್ದರೆ ಶಾಯಿ ನಡುನಡುವೆ ಕೈಕೊಡುತ್ತದೆ. ಅನಂತರ ಶಾಯಿ ತುಂಬಿ, ಬೆರಳಿನಿಂದ ಒತ್ತದೆ, ಪೆನ್ನಿನ ಸ್ವಂತ ಭಾರದಿಂದಲೇ ಒಂದು ಗೆರೆಯೆಳೆಯಬೇಕು. ಒತ್ತಿದರೆ ಮಾತ್ರ ಬರೆಯುವ ಫೌಂಟನ್ ಪೆನ್ನು ಫೌಂಟನ್ ಪೆನ್ನೇ ಅಲ್ಲ. ಕೊನೆಗೆ, ದಯವಿಟ್ಟು ಇಂಗ್ಲಿಷಿನಲ್ಲಿ ಒಂದು ರುಜು ಗೀಚಿ ಮುಗಿಸಬೇಡಿರಿ. ಕನ್ನಡದಲ್ಲಿ ಬರೆಯಿರಿ! ನಮ್ಮ ಲಿಪಿ ದುಂಡು ಲಿಪಿ. ಠ, ಣ, ಜ್ಞ, ಕ್ಷ, ಒಂಬತ್ತು, ಇಪ್ಪತ್ತೊಂಬತ್ತು ಎಂದು ಬರೆದರೆ ನಿಬ್ಬು ಮೇಲಕ್ಕೂ ಕೆಳಕ್ಕೂ ಎಡಕ್ಕೂ ಬಲಕ್ಕೂ ಸುತ್ತಲೇಬೇಕು. ಒಂದು ದಿಕ್ಕಿನಲ್ಲಿ ನಯವಾಗಿದ್ದು ಇನ್ನೊಂದು ದಿಕ್ಕಿನಲ್ಲಿ ತಡವರಿಸುವ ನಿಬ್ಬಿನ ಗುಟ್ಟು ಒಂದು ಠಕಾರದಲ್ಲಿ ಬಯಲಾಗುತ್ತದೆ. ಒತ್ತಕ್ಷರಗಳು ಕಲೆತು ಮಸಿಯ ಮುದ್ದೆಯಾದರೆ ನಿಬ್ಬು ನಮ್ಮ ಬರವಣಿಗೆಗೆ ದಪ್ಪವಾಯಿತೆಂದು ತಿಳಿಯಬೇಕು. ಪಾಶ್ಚಾತ್ಯರ ‘ಸಣ್ಣ’ ನಿಬ್ಬಿಗಿಂತ ಜಪಾನಿನವರ ‘ಸಣ್ಣ’ ನಿಬ್ಬು ಸಾಮಾನ್ಯವಾಗಿ ಇನ್ನೂ ಸಣ್ಣ. ಒತ್ತಕ್ಷರ ಹೆಚ್ಚಾಗಿರುವ ನಮ್ಮ ಭಾಷೆಗೆ ಇದು ನೆನಪಿಡಬೇಕಾದ ಮಾತು.

ಇಷ್ಟು ಹೇಳುವಾಗ ಎರಡು ಆಕ್ಷೇಪಣೆಗಳು ನನ್ನ ಕಿವಿಗೆ ಕೇಳಿಸುತ್ತಿವೆ. “ಹತ್ತು ರೂಪಾಯಿಯ ಬಾಲ್‌ಪೆನ್ನು ಇರುವಾಗ ಈ ಕಾಲದಲ್ಲಿ ಫೌಂಟನ್ ಪೆನ್ನಿನ ಪುರಾಣವೇಕೆ?” ಎಂಬುದು ಒಂದು. ಬಾಲ್‌ಪೆನ್ನನ್ನು ನಾನು ಹಳಿಯುವುದಿಲ್ಲ. ಬಸ್ಸಿನಲ್ಲಿ ನಿಂತು ಬರೆಯಲು ಅದೇ ಸರಿ. ಆದರೆ ಅದರ ಗುಂಡು ಉರುಳಬೇಕಾದರೆ ಒತ್ತಲೇಬೇಕು. ನಮ್ಮ ಪರೀಕ್ಷೆಗಳು ಇಂದಿಗೂ ಕೈಬರಹದಲ್ಲಿಯೇ ನಡೆಯುತ್ತವೆ. ಒತ್ತದೆ ಬರೆಯುವ ಸೌಖ್ಯವನ್ನು ಒಂದು ವಾರ ಅನುಭವಿಸಿದವರು ನನ್ನ ಮಾತಿಗೆ ಬೇರೆ ಪ್ರಮಾಣ ಕೇಳಲಾರರು. ಕುಣಿಯಲಾರದವಳು ನೆಲ ಡೊಂಕೆಂದಂತೆ ಅಕ್ಷರದ ದೋಷವನ್ನೆಲ್ಲ ಪೆನ್ನಿನ ಮೇಲೆ ಹೊರಿಸುವುದು ಸಲ್ಲದು, ನಿಜ. ಆದರೆ ನೆಲ ನಿಜವಾಗಿ ಡೊಂಕಾಗಿರುವಲ್ಲಿ ಅದನ್ನು ಸಮಮಾಡುವುದು ಬುದ್ಧಿವಂತಿಕೆ.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದುದು. “ಕಾಣಿಕೆ ಎಂದಮೇಲೆ ನೋಟಕ್ಕೆ ಘನವಾಗಿರಬೇಕು, ಗುರುಗಳಿಗೆ ಹಗುರವಾದ ಕಪ್ಪು ಪೆನ್ನು ಕೊಟ್ಟರೆ ನಾಲ್ಕು ಜನ ಏನೆಂದಾರು?” ಈ ಸಂಕೋಚ ನನಗೂ ಅರ್ಥವಾಗುತ್ತದೆ. ಆದರೆ ಒಮ್ಮೆ ಪಾರ್ಕರ್ 51 ಎಂಬ ಪೆನ್ನನ್ನು ನೆನೆಯಿರಿ. 1941ರಲ್ಲಿ ಮಾರುಕಟ್ಟೆಗೆ ಬಂದ ಅದು ನಮ್ಮ ಅಜ್ಜಂದಿರ ಕಾಲದ ಜೇಬುಗಳ ರಾಜನಾಗಿತ್ತು. ಅದರ ತೂಕ ಸುಮಾರು 20 ಗ್ರಾಂ. ಅದರ ಚಿನ್ನದ ನಿಬ್ಬು ಎಲ್ಲಿತ್ತು? ಪ್ಲಾಸ್ಟಿಕ್ಕಿನ ಮುಸುಕಿನೊಳಗೆ, ಹೊರಗೆ ಕಾಣುತ್ತಿದ್ದುದು ಎಳ್ಳಿನಷ್ಟು ತುದಿ ಮಾತ್ರ. ಶಾಯಿ ಬೇಗ ಒಣಗದಿರಲೆಂದು ಚಿನ್ನವನ್ನೇ ಮುಚ್ಚಿಟ್ಟಿದ್ದರು. ಚಿನ್ನವನ್ನು ತೋರಿಸದ ಪೆನ್ನಿಗೆ ಜನ ಚಿನ್ನದಂಥ ಗೌರವ ಕೊಟ್ಟರು. ಘನತೆಗೆ ತೋರಿಕೆಯೇ ಬೇಕೆಂಬುದಿಲ್ಲ.

ನಮ್ಮ ನೆರೆಯಲ್ಲಿಯೇ ಇನ್ನೊಂದು ಉದಾಹರಣೆಯಿದೆ. ಆಂಧ್ರದ ರಾಜಮಹೇಂದ್ರಿಯ ಕೆ. ವಿ. ರತ್ನಂ ಅವರು ಗಾಂಧೀಜಿಯವರ ಸ್ವದೇಶಿ ಪ್ರೇರಣೆಯಿಂದ 1930ರ ದಶಕದಲ್ಲಿ ಪೆನ್ನು ತಯಾರಿಸತೊಡಗಿದರು. ಅವರು ಕಳುಹಿಸಿದ ಪೆನ್ನನ್ನು ಬಳಸಿ ನೋಡಿ ಗಾಂಧೀಜಿ 1935ರಲ್ಲಿ ಮೆಚ್ಚಿಗೆಯ ಪತ್ರ ಬರೆದರು. ಬಳಸಿ ನೋಡಿ ಎಂಬ ಮಾತನ್ನು ಗಮನಿಸಬೇಕು. ಕೈಯಿಂದ ಕಡೆದ ಎಬೊನೈಟಿನ ಪೆನ್ನುಗಳು ನಮ್ಮ ದೇಶದಲ್ಲಿ ಇಂದಿಗೂ ದೊರೆಯುತ್ತವೆ. ಹಗುರವಾದರೂ ಗಟ್ಟಿ, ಹಿಡಿದರೆ ಲೋಹದಂತೆ ತಣ್ಣಗೆ ಜಾರುವುದಿಲ್ಲ, ಕೆಟ್ಟರೆ ಸರಿಪಡಿಸಬಹುದು.

ಹಾಗಾಗಿ ವಂತಿಗೆಯ ಹಣವನ್ನು ವಹಿಸಿಕೊಳ್ಳುವ ವಿದ್ಯಾರ್ಥಿ ಪ್ರತಿನಿಧಿಗಳಿಗೆ ನನ್ನದೊಂದು ವಿಜ್ಞಾಪನೆ. ಕಾಣಿಕೆಯ ಪೆನ್ನನ್ನು ಪೆಟ್ಟಿಗೆ ನೋಡಿ ತರಬೇಡಿರಿ. ಹಣ ಸಾಕಷ್ಟಿದ್ದರೆ ಅಂಕಿ ಓದಿ, ತಯಾರಕರ ಹೆಸರು ನೋಡಿ, ರಸೀದಿಯಲ್ಲಿ ಕ್ಯಾರೆಟ್ ಬರೆಸಿಕೊಂಡು ಚಿನ್ನದ ನಿಬ್ಬನ್ನೇ ಕೊಳ್ಳಿರಿ. ಹಣ ಸಾಲದಿದ್ದರೆ ಚಿನ್ನದ ನೀರು ಕುಡಿಸಿದ ಭಾರದ ಪೆನ್ನಿಗೆ ಮನಸೋಲದೆ, ಉಕ್ಕಿನ ಒಳ್ಳೆಯ ನಿಬ್ಬಿರುವ ಹಗುರವಾದ ಪೆನ್ನನ್ನು ಆರಿಸಿ, ಉಳಿದುದರಲ್ಲಿ ಎರಡು ಸೀಸೆ ಶಾಯಿಯನ್ನೂ ಒಳ್ಳೆಯ ಕಾಗದವನ್ನೂ ಸೇರಿಸಿರಿ. ಎಷ್ಟೋ ವಿದ್ಯಾರ್ಥಿಗಳು ಬಸ್ಸಿನ ಖರ್ಚಿನಲ್ಲಿ ಉಳಿಸಿ ಕೊಟ್ಟ ಹಣವದು. ಅದು ಹಿತ್ತಾಳೆಯ ಭಾರವಾಗಿ ಗುರುಗಳ ಬೀರುವಿನಲ್ಲಿ ಮಲಗಬಾರದು. ಹಳ್ಳಿಯ ಹಿರಿಯರಿಗೂ ಇದೇ ಮಾತನ್ನು ವಿನಯದಿಂದ ಅರಿಕೆಮಾಡುತ್ತೇನೆ: ಮಗುವಿಗೆ ಪೆನ್ನು ಕೊಡಿಸುವಾಗ ಮಗುವನ್ನೇ ಜೊತೆಗೆ ಕರೆದೊಯ್ಯಿರಿ, ಅಂಗಡಿಯಲ್ಲಿ ಒಂದು ಪುಟ ಬರೆಯಲು ಬಿಡಿರಿ. ಗೂಡಿನ ಒಂದು ಹಿಡಿಯನ್ನು ಮುಟ್ಟಿ ನೋಡದೆ ಯಾವ ರೀಲರೂ ಹಣ ಬಿಚ್ಚುವುದಿಲ್ಲ.

ನಾಲ್ಕು ದಶಕ ಬರೆದು ಸವೆದ ಕೈಗೆ ನಾವು ಕೊಡುವ ಪೆನ್ನು ನಿವೃತ್ತಿಯ ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಬರೆಯುತ್ತಿರಬೇಕು. ಅದು ಹಗುರವಾಗಿರಲಿ, ಒತ್ತದೆ ಬರೆಯಲಿ, ಠಕಾರವನ್ನು ಒಂದೇ ಸುತ್ತಿಗೆ ತಡವರಿಸದೆ ಮುಗಿಸಲಿ. ಆಮೇಲೆ ಅದರಲ್ಲಿ ನಾಲ್ಕು ಗುಲಗಂಜಿ ಚಿನ್ನವಿದ್ದರೆ ಸಂತೋಷ, ಇಲ್ಲದಿದ್ದರೆ ಕೊರತೆಯೇನೂ ಇಲ್ಲ.

— ಜಂಗಮಕೋಟೆಯ ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.